ಸುಮ್ಮನಿದ್ದಾಗಲೂ ಬಿಗಿ

ನೀಲಿ ಪಂಪು ಎಳೆದುಕೊಂಡು ಐದು ನಿಮಿಷಕ್ಕೆ ಎದೆ ಹಗುರಾಯಿತೆಂದರೆ ನಿನ್ನ ಪಾಲಿಗೆ ಉಬ್ಬಸ ಅಲ್ಲಿಗೆ ಮುಗಿಯಿತು. ದಿನಾ ಎಳೆದುಕೊಳ್ಳಲು ಕೊಟ್ಟ ಸ್ಟೆರಾಯ್ಡ್ ಪಂಪು ಮೇಜಿನ ಖಾನೆಯಲ್ಲೇ ಬಿದ್ದಿದೆ. "ಸುಂಯ್ ಅನ್ನದೆ ಇರುವಾಗ ಔಷಧಿ ಯಾಕೆ ಮಾವ?" ಅಂದೆಯಲ್ಲ, ಕೂತು ಕೇಳು. ಶರೀರಕ್ರಿಯಾಶಾಸ್ತ್ರದ ಪಾಠ ಹೇಳಿಯೇ ತಲೆ ಹಣ್ಣಾದವನು ನಾನು, ಎರಡು ಮಾತಿನಲ್ಲಿ ಮುಗಿಸಲು ನನಗೆ ಬರುವುದಿಲ್ಲ.

ಉಬ್ಬಸ ಬಂದಾಗ ಮಾತ್ರ ಉಸಿರುನಾಳದ ಸ್ನಾಯು ಹಿಂಡುತ್ತದೆ, ಮಿಕ್ಕ ಹೊತ್ತು ಮಲಗಿರುತ್ತದೆ ಅಂತ ನೀನು ತಿಳಿದಿದ್ದೀಯ. ಹಾಗಿಲ್ಲ. ಗಂಟಲ ಕೆಳಗಿನ ದೊಡ್ಡ ನಾಳದಲ್ಲಿ ಮೃದ್ವಸ್ಥಿಯ ಉಂಗುರಗಳು ಹಿಂದುಗಡೆ ಬಾಯಿ ತೆರೆದುಕೊಂಡಿರುತ್ತವೆ. ಆ ಬಾಯಿಯನ್ನು ಜೋಡಿಸಿ ಹಿಡಿದಿರುವುದೇ ಈ ಸ್ನಾಯು. ಒಳಗಿಳಿದಂತೆ, ಒಂದು ಮಿಲಿಮೀಟರಿಗಿಂತ ಸಣ್ಣ ಕವಲುಗಳಲ್ಲಿ ಮೃದ್ವಸ್ಥಿಯೇ ಇಲ್ಲ, ಸುತ್ತಲೂ ಸ್ನಾಯುವೇ. ನೀನು ನೆಮ್ಮದಿಯಾಗಿ ಪೇಪರ್ ಓದುತ್ತಿರುವಾಗಲೂ ಅದು ಚೂರು ಬಿಗಿಯಾಗಿಯೇ ಇರುತ್ತದೆ. ಉಬ್ಬಸದ ಗಂಧವೇ ಇಲ್ಲದವರಿಗೆ ಈ ಸ್ನಾಯುವನ್ನು ಸಡಿಲಿಸುವ ಅಟ್ರೊಪಿನ್ ಕೊಟ್ಟು ನೋಡಿದರೂ ನಾಳಗಳು ಇನ್ನಷ್ಟು ಅಗಲವಾಗುತ್ತವೆ. ಮೊದಲೇ ಬಿಗಿ ಇಲ್ಲದಿದ್ದರೆ ಸಡಿಲವಾಗುವುದಾದರೂ ಏನು? ಈ ಬಿಗಿಯಿಂದ ನಮಗೇನು ಲಾಭ ಎಂಬ ಬಗ್ಗೆ ಮಾತ್ರ ಬಲ್ಲವರಲ್ಲಿ ಒಮ್ಮತವಿಲ್ಲ. ಈ ಸ್ನಾಯು ಅಪೆಂಡಿಕ್ಸಿನಷ್ಟೇ ನಿಷ್ಪ್ರಯೋಜಕ ಎಂದು ವಾದಿಸಿದವರೂ ಇದ್ದಾರೆ!

ಬಿಗಿ ಹಿಡಿಯುವ ಯಜಮಾನ ವೇಗಸ್ ನರ. ಮೆದುಳಿನ ಬುಡದಿಂದ ಇಳಿದು ಬಂದು, ಅದು ಸದಾ ಒಂದಿಷ್ಟು ಅಸಿಟೈಲ್‌ಕೋಲಿನ್ ಹನಿಸುತ್ತಿರುತ್ತದೆ. ಆ ರಾಸಾಯನಿಕ ಸ್ನಾಯುಕೋಶದ ಎಂ3 ಗ್ರಾಹಕಕ್ಕೆ ತಾಗಿದರೆ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಮಯೋಸಿನ್ ಆಕ್ಟಿನ್ ಎಳೆಗಳನ್ನು ಹಿಡಿದೆಳೆಯುತ್ತದೆ. ಸ್ವಾರಸ್ಯ ಆಮೇಲಿದೆ. ಒಮ್ಮೆ ಹಿಡಿದ ಮೇಲೆ ಮಯೋಸಿನ್ ಬೇಗ ಕೈಬಿಡುವುದಿಲ್ಲ. ಅಗಳಿ ಹಾಕಿದ ಬಾಗಿಲನ್ನು ಯಾರೂ ಒತ್ತಿ ನಿಲ್ಲಬೇಕಿಲ್ಲವಲ್ಲ, ಹಾಗೆ ತೀರಾ ಕಡಿಮೆ ಶಕ್ತಿಯಲ್ಲಿ ಬಿಗಿ ಉಳಿಯುತ್ತದೆ. ಭಾರ ಎತ್ತಿದ ತೋಳು ಸೋಲುತ್ತದೆ, ಉಸಿರುನಾಳ ಸೋಲುವುದಿಲ್ಲ.

ಎದುರಾಳಿಗಳೂ ಇದ್ದಾರೆ. ನರಗಳೇ ಬಿಡುವ ನೈಟ್ರಿಕ್ ಆಕ್ಸೈಡ್ ಸಡಿಲಿಸುತ್ತದೆ. ರಕ್ತದಲ್ಲಿ ಬರುವ ಅಡ್ರಿನಾಲಿನ್ ಬೀಟಾ-2 ಗ್ರಾಹಕದ ಮೂಲಕ ಸಡಿಲಿಸುತ್ತದೆ. ನಿನ್ನ ನೀಲಿ ಪಂಪಿನ ಸಾಲ್ಬುಟಮಾಲ್ ಹಿಡಿದಿರುವುದೂ ಅದೇ ದಾರಿ. ರಾತ್ರಿ ಅಡ್ರಿನಾಲಿನ್ ಇಳಿಯುತ್ತದೆ, ವೇಗಸ್ ಕೈ ಮೇಲಾಗುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ನಾಳ ಎಲ್ಲರಿಗೂ ಕಿರಿದು. ಆ ಹೊತ್ತಿಗೇ ನೀನು ಎದ್ದು ಕೂರುವುದಕ್ಕೆ ಕಾರಣ ಅದು, ಅಮ್ಮ ಬೈಯುವ ಹಾಗೆ ರಾತ್ರಿ ತಿಂದ ಮೊಸರನ್ನವಲ್ಲ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ವೇಗಸ್ ನರದ ತುದಿಯಲ್ಲಿ ಎಂ2 ಎಂಬ ಇನ್ನೊಂದು ಗ್ರಾಹಕವಿದೆ. ಅಸಿಟೈಲ್‌ಕೋಲಿನ್ ಹೆಚ್ಚಾದರೆ "ಸಾಕು" ಅನ್ನುವ ಬ್ರೇಕ್ ಅದು. ನಾಳದ ಗೋಡೆಯಲ್ಲಿ ಉರಿಯೂತ ಇದ್ದು ಇಯೊಸಿನೊಫಿಲ್ ಕಣಗಳು ಸೇರಿಕೊಂಡರೆ, ಅವು ಉಗುಳುವ ಪ್ರೋಟೀನು ಈ ಬ್ರೇಕನ್ನೇ ಅಡಗಿಸಿಬಿಡುತ್ತದೆ ಎಂದು ಗಿನಿಪಿಗ್ ಪ್ರಯೋಗಗಳಲ್ಲಿ ಕಂಡಿದ್ದಾರೆ. ಆಗ ಅಷ್ಟೇ ಧೂಳು, ಅಷ್ಟೇ ತಣ್ಣನೆ ಗಾಳಿ ಸಾಕು, ನರ ಮಿತಿ ಮೀರುತ್ತದೆ. ನಾಳದ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡರಷ್ಟಲ್ಲ, 16 ಪಟ್ಟು. ನೀಲಿ ಪಂಪು ನಾಲ್ಕಾರು ಗಂಟೆ ಸ್ನಾಯುವನ್ನು ಸಡಿಲಿಸೀತು, ಉರಿಯೂತವನ್ನು ಮುಟ್ಟುವುದಿಲ್ಲ. ಅದನ್ನು ತಗ್ಗಿಸುವುದು ಖಾನೆಯಲ್ಲಿ ಬಿದ್ದಿರುವ ಆ ಇನ್ನೊಂದು ಪಂಪು. ಬರೀ ಸಾಲ್ಬುಟಮಾಲ್ ನಂಬಿಕೊಂಡು ಉಬ್ಬಸ ನಿಭಾಯಿಸಬೇಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ.

ಆಳವಾಗಿ ಉಸಿರೆಳೆದರೆ ಸರಿಹೋಗುತ್ತದೆ ಎಂಬ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ ಇದೆ. ಆಳ ಉಸಿರು ಸ್ನಾಯುವನ್ನು ಹಿಗ್ಗಿಸಿ ಮಯೋಸಿನ್ ಹಿಡಿತ ಬಿಡಿಸುತ್ತದೆ. ಆರೋಗ್ಯವಂತರು ಆಳ ಉಸಿರು ಎಳೆಯದಂತೆ ತಡೆದು, ನಾಳವನ್ನು ಹಿಂಡಿಸುವ ಮೆಥಕೋಲಿನ್ ಕೊಟ್ಟಾಗ ಅವರ ನಾಳಗಳೂ ಉಬ್ಬಸದವರ ನಾಳಗಳಂತೆಯೇ ಕಿರಿದಾದದ್ದನ್ನು 1995ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ ಉಬ್ಬಸದವರಿಗೆ ಈ ಆಳ ಉಸಿರಿನ ಫಲ ಕಡಿಮೆ. ಪ್ರಾಣಾಯಾಮ ಮಾಡು, ಬೇಡ ಅನ್ನುವುದಿಲ್ಲ; ಪಂಪಿನ ಬದಲಿಗೆ ಮಾಡಬೇಡ.

ಊರ ಕಡೆ ಯಾರಾದರೂ ದತ್ತೂರಿ ಎಲೆಯ ಹೊಗೆ ಸೇದು ಅಂದಾರು. ಅವರು ತೀರಾ ಸುಳ್ಳು ಹೇಳುತ್ತಿಲ್ಲ. ಅದರಲ್ಲಿ ಅಟ್ರೊಪಿನ್ ಜಾತಿಯ ಸತ್ವವಿದೆ. 19ನೇ ಶತಮಾನದ ಆರಂಭದಲ್ಲಿ ಮದರಾಸಿನಿಂದಲೇ ಈ ಪದ್ಧತಿ ಬ್ರಿಟನ್ನಿಗೆ ಹೋಯಿತು. ಆದರೆ ಯಾವ ಎಲೆಯಲ್ಲಿ ಎಷ್ಟು ವಿಷ ಎಂದು ಅಳೆಯುವವರಾರು? ಮತಿ ಕೆಡುತ್ತದೆ, ಪ್ರಾಣವೂ ಹೋಗಬಹುದು. ಅದೇ ಕೆಲಸವನ್ನು ಅಳತೆಯಲ್ಲಿ ಮಾಡುವ ಇಪ್ರಟ್ರೋಪಿಯಂ ಇರುವಾಗ ಆ ಹುಚ್ಚು ಬೇಡ.

ಕೊನೆಗೊಂದು, ಇದನ್ನು ಮರೆಯಬೇಡ. ವೇದಿಕೆ ಹತ್ತುವ ಮುಂಚೆ ಕೈ ನಡುಗದಿರಲಿ ಅಂತ ಹುಡುಗರು ಪ್ರೊಪ್ರನೊಲಾಲ್ ನುಂಗುತ್ತಾರೆ. ಮೈಗ್ರೇನಿಗೂ ಅದನ್ನು ಕೊಡುವುದುಂಟು. ಅದು ಬೀಟಾ ಬಾಗಿಲನ್ನೇ ಮುಚ್ಚುತ್ತದೆ. ಆಮೇಲೆ ವೇಗಸ್‌ಗೆ ಅಡ್ರಿನಾಲಿನ್ ಎದುರು ನಿಲ್ಲಲಾರದು, ನೀಲಿ ಪಂಪೂ ಸರಿಯಾಗಿ ಕೆಲಸ ಮಾಡದು. ಗ್ಲಾಕೋಮಾಗೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯಿಂದಲೂ ಹೀಗಾಗಬಹುದು. ಹಲ್ಲು, ಕಣ್ಣು, ತಲೆನೋವು ಯಾವುದಕ್ಕೆ ಹೋದರೂ ಸರಿ, ಡಾಕ್ಟರು ಪೆನ್ನು ಎತ್ತುವ ಮೊದಲೇ "ನನಗೆ ಉಬ್ಬಸ ಇದೆ" ಎಂದು ಬಾಯಿಬಿಟ್ಟು ಹೇಳು.