ಮುಟ್ಟಿನ ನೋವಿಗೆ ಪಥ್ಯ ಸಾಕೇ?

● ನನಗೆ 26 ವರ್ಷ. ಎಡ ಅಂಡಾಶಯದಲ್ಲಿ 4 ಸೆಂ.ಮೀ. ಚಾಕಲೇಟ್ ಸಿಸ್ಟ್ ಇದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂತು. ಎಂಡೊಮೆಟ್ರಿಯೋಸಿಸ್ ಎಂದು ಹೇಳಿ ಡೈನೋಜೆಸ್ಟ್ ಮಾತ್ರೆ ಕೊಟ್ಟಿದ್ದರು. ಹಾಲು, ಗೋಧಿ, ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದೆ ಎಂಬ ಯೂಟ್ಯೂಬ್ ವಿಡಿಯೊ ನೋಡಿ ಮಾತ್ರೆ ನಿಲ್ಲಿಸಿದೆ. ತೂಕ ಇಳಿಯಿತು, ನೋವು ಇಳಿಯಲಿಲ್ಲ. ಇನ್ನೇನು ಬಿಡಬೇಕು ಮೇಡಂ?
– ಹೆಸರು ಬೇಡ, ಬೆಂಗಳೂರು

ಮೊದಲು ಆ ವಿಡಿಯೊ ಬಿಡಿ. ಗರ್ಭಕೋಶದ ಒಳಪೊರೆಯಂಥದೇ ಅಂಗಾಂಶ ಅಂಡಾಶಯ, ಕರುಳು, ಮೂತ್ರಕೋಶಗಳ ಮೇಲೆ ಬೆಳೆಯುವುದೇ ಈ ಕಾಯಿಲೆ. ಅಂಡಾಶಯದೊಳಗೆ ಒಸರಿ ನಿಂತ ಹಳೆಯ ರಕ್ತವೇ ನಿಮ್ಮ ಸಿಸ್ಟ್. ಚಪಾತಿ ಬಿಟ್ಟ ಮಾತ್ರಕ್ಕೆ ಅದು ಕರಗುವುದಿಲ್ಲ. ಡೈನೋಜೆಸ್ಟ್ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಹೆದರಿ ಬಿಟ್ಟಿದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ಹೇಳಿ. ದೀರ್ಘಕಾಲ ತೆಗೆದುಕೊಂಡರೆ ಮೂಳೆ ಸ್ವಲ್ಪ ಸವೆಯಬಹುದು. ಮೂಳೆಗೆ ಕ್ಯಾಲ್ಸಿಯಂ ಬೇಕಾದ ಹೊತ್ತಿನಲ್ಲೇ ನೀವು ಹಾಲು ಬಿಟ್ಟು ಕೂತಿದ್ದೀರಿ! ಹಾಲು ನಿಜಕ್ಕೂ ಒಗ್ಗದಿದ್ದರೆ ರಾಗಿ ಇದೆಯಲ್ಲ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಸಿಗುತ್ತದೆ.

ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಸಿಸ್ಟ್ ಬೆಳೆದಿದೆಯೇ ಎಂದು ಸ್ಕ್ಯಾನ್ ಮತ್ತೊಮ್ಮೆ ಆಗಲಿ. ಆಪರೇಷನ್ ಮಾತು ಬಂದರೆ ಅದಕ್ಕೆ ಮುಂಚೆ ಅಂಡಾಣುಗಳ ಸಂಗ್ರಹ ಅಂದಾಜಿಸುವ ಎಎಂಎಚ್ ಪರೀಕ್ಷೆ ಕೇಳಿ, ಏಕೆಂದರೆ ಸಿಸ್ಟ್ ಕಿತ್ತಾಗ ಜೊತೆಗೆ ಒಂದಷ್ಟು ಅಂಡಾಣುಗಳೂ ಹೋಗುತ್ತವೆ. ರಕ್ತಪರೀಕ್ಷೆಯಲ್ಲಿ ಸಿಎ-125 ಹೆಚ್ಚು ಬಂದರೆ ಕ್ಯಾನ್ಸರ್ ಎಂದು ಅಳುತ್ತ ಕೂರಬೇಡಿ. ಈ ಕಾಯಿಲೆಯಲ್ಲೂ ಅದು ಏರುತ್ತದೆ.

● ಮಗಳು ಪಿಯುಸಿ ಓದುತ್ತಿದ್ದಾಳೆ. ಮುಟ್ಟಾದಾಗಲೆಲ್ಲ ವಾಂತಿ, ಎರಡು ದಿನ ಕಾಲೇಜಿಗೆ ಹೋಗುವುದಿಲ್ಲ. ಎಲ್ಲ ಉಷ್ಣದಿಂದ ಎನ್ನುವ ನಮ್ಮತ್ತೆ ಪರಂಗಿ, ಎಳ್ಳು, ಮೊಟ್ಟೆ ಮುಟ್ಟಗೊಡದೆ ಗಂಜಿ, ಮಜ್ಜಿಗೆಯನ್ನಷ್ಟೇ ಕೊಡುತ್ತಾರೆ. ಮದುವೆಯಾದರೆ ಸರಿಹೋಗುತ್ತದಂತೆ. ನಿಜವೇ?
– ಒಬ್ಬ ತಾಯಿ, ತಿಪಟೂರು

ಇಲ್ಲಮ್ಮ, ನಿಜವಲ್ಲ. ಈ ಮಾತನ್ನು ಹಿರಿಯರಷ್ಟೇ ಅಲ್ಲ, ನಮ್ಮ ವೃತ್ತಿಯವರೂ ಕೆಲವರು ಹೇಳಿ ಕಳಿಸುತ್ತಾರೆ, ನನಗೆ ಮೈ ಉರಿಯುವುದು ಅದಕ್ಕೇ. ಬಸುರಿನಲ್ಲಿ ಮುಟ್ಟು ನಿಲ್ಲುತ್ತದೆ, ಎಷ್ಟೋ ಜನರಿಗೆ ನೋವೂ ತಣ್ಣಗಾಗುತ್ತದೆ. ಹೆರಿಗೆಯಾಗಿ ಮುಟ್ಟು ಮರಳಿದರೆ ನೋವೂ ಮರಳಬಹುದು. ಹದಿನೇಳರ ಹುಡುಗಿಗೆ ಗಂಡು ನೋಡುವುದು ಚಿಕಿತ್ಸೆಯೇ? ಆಕೆಗಿರುವುದು ಎಂಡೊಮೆಟ್ರಿಯೋಸಿಸ್ ಕೂಡ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಎಂಡೊಮೆಟ್ರಿಯೋಸಿಸ್ ಇದೆ. ಅದು ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುವುದು ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನಾವೆಲ್ಲ ಸೇರಿ ಬಾಯಿ ಮುಚ್ಚಿಸುವುದರಿಂದ. ಕಿಬ್ಬೊಟ್ಟೆ ಸ್ವಲ್ಪ ಹಿಂಡಿದಂತಾಗುವುದು ಸಹಜ. ವಾಂತಿಯಾಗಿ ಕಾಲೇಜು ತಪ್ಪುವುದು ಸಹಜವಲ್ಲ.

ಇನ್ನು ಉಷ್ಣದ ಪಟ್ಟಿ. ನಿಮ್ಮತ್ತೆಯವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ರಕ್ತ ಹೋಗುತ್ತಿರುವ ಹುಡುಗಿಯ ತಟ್ಟೆಯಿಂದ ಮೊಟ್ಟೆ, ಎಳ್ಳು ತೆಗೆದು ಬರೀ ಗಂಜಿ ಬಡಿಸಿದರೆ ಉಳಿಯುವುದು ಸುಸ್ತು ಮಾತ್ರ. ಹುರುಳಿಕಾಳು, ಸೊಪ್ಪಿನ ಪಲ್ಯ, ಮೊಟ್ಟೆ ಎಲ್ಲ ಕೊಡಿ, ಸಾರಿಗೆ ನಿಂಬೆಹಣ್ಣು ಹಿಂಡಿ. ಊಟದ ಹಿಂದೆಯೇ ಕಾಫಿ, ಟೀ ಬೇಡ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೆಲ್ಲ ತಿಂದರೆ ರಕ್ತ ಏರುತ್ತದೆ ಎಂದು ನಂಬಿ ಕೂರಬೇಡಿ. ನೋವಿನ ಮಾತ್ರೆ ಯಾವುದು, ಎಷ್ಟು ಎಂದು ಮೆಡಿಕಲ್ ಶಾಪಿನವರನ್ನಲ್ಲ, ಡಾಕ್ಟರನ್ನು ಕೇಳಿ. ನೋವು ಶುರುವಾಗುತ್ತಿದ್ದಂತೆ, ಏನಾದರೂ ತಿಂದ ಮೇಲೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿ ಗ್ಯಾಸ್ಟ್ರಿಕ್ ಎಂದು ಬರುವವರಿಂದ ನನಗೆ ಸಾಕಾಗಿದೆ.

ಹಿಮೋಗ್ಲೋಬಿನ್ ಈ ವಾರವೇ ನೋಡಿಸಿ. 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿದರೆ ಸಾಕು, ಬೇರೆ ಭಯ ಬೇಡ. ನಾರ್ಮಲ್ ಬಂದರೂ ಅಲ್ಲಿಗೆ ಬಿಡಬೇಡಿ. ಕಾಯಿಲೆಯ ಸಣ್ಣ ಮಚ್ಚೆಗಳು ಎಷ್ಟೋ ಸಲ ಸ್ಕ್ಯಾನ್‌ಗೆ ಸಿಕ್ಕುವುದೇ ಇಲ್ಲ. ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

● 34 ವರ್ಷ, ಎಂಡೊಮೆಟ್ರಿಯೋಸಿಸ್ ಇದೆ. ಮುಟ್ಟಿನ ವಾರದಲ್ಲಿ ಹೊಟ್ಟೆ ಉಬ್ಬರ, ಮಲವಿಸರ್ಜನೆಗೆ ಹೋದರೆ ನೋವು. ಗೋಧಿ ಬಿಡಬೇಕೇ? ಮೀನು ತಿನ್ನಬಹುದೇ?
– ಕುಂದಾಪುರ

ಮೀನು ಧಾರಾಳವಾಗಿ ತಿನ್ನಿ. ಬಂಗುಡೆ, ಬೂತಾಯಿಯಲ್ಲಿರುವ ಒಮೆಗಾ-3 ಮುಟ್ಟಿನ ನೋವನ್ನು ಸ್ವಲ್ಪ ತಗ್ಗಿಸುತ್ತದೆ ಎನ್ನಲು ಆಧಾರವಿದೆ. ದಿನಾ ಫ್ರೈ ಬೇಡ, ಸಾರು ಮಾಡಿ.

ಗೋಧಿ ಬಿಡುವ ಮುಂಚೆ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆಯಿದ್ದರೂ ಇಲ್ಲವೆಂದು ಬರಬಹುದು. ನಿಮ್ಮಂಥ ಉಬ್ಬರಕ್ಕೆ ಲೋ-ಫಾಡ್‌ಮ್ಯಾಪ್ ಆಹಾರ ಕೆಲವರಿಗೆ ಚೆನ್ನಾಗಿ ಒಗ್ಗಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಇವನ್ನು ನಾಲ್ಕರಿಂದ ಆರು ವಾರ ನಿಲ್ಲಿಸಿ ಆಮೇಲೆ ಒಂದೊಂದಾಗಿ ಮರಳಿ ತಿಂದು ನೋಡುವುದು. ಒಗ್ಗದ ಒಂದೆರಡನ್ನು ಮಾತ್ರ ಬಿಡಬೇಕೇ ಹೊರತು ಜೀವನಪರ್ಯಂತ ಎಲ್ಲವನ್ನೂ ಅಲ್ಲ. ಡಯಟಿಷಿಯನ್ ಜೊತೆಗಿದ್ದರೆ ಒಳ್ಳೆಯದು. ಆದರೆ ಮಲವಿಸರ್ಜನೆಯ ನೋವನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. ಕಾಯಿಲೆ ಕರುಳಿಗೆ ಹಬ್ಬಿರಬಹುದು. ಒಳಗಿನಿಂದ ಮಾಡುವ ಸ್ಕ್ಯಾನ್ ಅಥವಾ ಎಂಆರ್‌ಐ ಆಗಲೇಬೇಕು. ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ.

● ಹೆಂಡತಿಗೆ ಎಂಡೊಮೆಟ್ರಿಯೋಸಿಸ್ ಇದೆ. ಎರಡು ವರ್ಷದಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ಗರ್ಭ ನಿಲ್ಲಲು ಅವಳಿಗೆ ಏನು ತಿನ್ನಿಸಲಿ?
– ದಾವಣಗೆರೆ

ಎಲ್ಲರಂತೆ ಮನೆಯ ಊಟವನ್ನೇ ತಿನ್ನಲಿ, ಜೊತೆಗೆ ಫೋಲಿಕ್ ಆ್ಯಸಿಡ್ ಮಾತ್ರೆ. ಎರಡು ವರ್ಷ ಕಾದದ್ದೇ ಹೆಚ್ಚಾಯಿತು, ವರ್ಷ ತುಂಬುವ ಮುಂಚೆಯೇ ಬಂಜೆತನದ ತಜ್ಞರನ್ನು ನೋಡಬೇಕಿತ್ತು. ಈ ಕಾಯಿಲೆಯಿದ್ದೂ ಸಹಜವಾಗಿ ಬಸುರಾದವರು ಬಹಳ ಜನ, ಆಕೆಗೆ ಧೈರ್ಯ ಹೇಳಿ. ಪತ್ರದಲ್ಲಿ ಆಕೆಯ ರಿಪೋರ್ಟುಗಳನ್ನೆಲ್ಲ ಬರೆದಿದ್ದೀರಿ, ನಿಮ್ಮದು ಒಂದೂ ಇಲ್ಲ. ನಾಳೆಯೇ ಹೋಗಿ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಿ.