ಹೋಂಸ್ಟೇ ಕೊಠಡಿಗೆ ನ್ಯಾಯವಾದ ದಿನದ ದರ: ಲೆಕ್ಕ ಹಾಕುವ ಕ್ರಮ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಕೊಡಗು ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಕಾಫಿ ತೋಟದ ಮನೆಗಳು ಇಂದು ಹೋಂಸ್ಟೇಗಳೂ ಆಗಿವೆ. ಕಾಫಿ ಮತ್ತು ಕರಿಮೆಣಸಿನ ಆದಾಯ ವರ್ಷಕ್ಕೊಮ್ಮೆ ಕೈಗೆ ಬರುವಂಥದ್ದು. ಅತಿಥಿಗಳಿಂದ ಬರುವ ಹಣ ತಿಂಗಳ ಖರ್ಚಿಗೆ ಒದಗುತ್ತದೆ. ಆದರೆ ಕೊಠಡಿಯ ದರವನ್ನು ನಿಗದಿಪಡಿಸುವಾಗ ಹೆಚ್ಚಿನ ಕುಟುಂಬಗಳು ಅನುಸರಿಸುವ ವಿಧಾನ ಒಂದೇ: ಪಕ್ಕದ ಮನೆಯ ದರವನ್ನು ವಿಚಾರಿಸಿ, ಅದಕ್ಕಿಂತ ನೂರು ರೂಪಾಯಿ ಕಡಿಮೆ ಹೇಳುವುದು. ಪಕ್ಕದವರೂ ಹಾಗೆಯೇ ಮಾಡಿದರೆ ಇಡೀ ಗ್ರಾಮದ ದರ ವೆಚ್ಚಕ್ಕಿಂತ ಕೆಳಗಿಳಿಯುತ್ತದೆ. ಆ ನಷ್ಟ ಯಾವ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಮನೆಯ ಹೆಂಗಸರ ದುಡಿಮೆಯಲ್ಲಿ ಅದು ಅಡಗಿರುತ್ತದೆ. ನ್ಯಾಯವಾದ ದರವನ್ನು ವೆಚ್ಚದಿಂದ ಮೇಲಕ್ಕೆ ಕಟ್ಟಬೇಕೆಂಬುದನ್ನು ಸದಸ್ಯರು ಅರಿತು, ತಮ್ಮ ಗ್ರಾಮದ ಕುಟುಂಬಗಳಿಗೆ ತಿಳಿಸಿಕೊಡುವಂತಾಗಬೇಕೆಂಬುದೇ ಈ ಪಾಠದ ಉದ್ದೇಶ.

ಮೊದಲ ಹಂತ: ವರ್ಷದ ಕಾಯಂ ವೆಚ್ಚ

ಅತಿಥಿ ಬಂದರೂ ಬಾರದಿದ್ದರೂ ಆಗುವ ವೆಚ್ಚವೇ ಕಾಯಂ ವೆಚ್ಚ. ಮೂರು ಕೊಠಡಿಗಳ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿ ಕುಟುಂಬವೂ ತನ್ನದೇ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

1. ಸುಣ್ಣಬಣ್ಣ, ಹೆಂಚು, ನಲ್ಲಿ ಮುಂತಾದ ದುರಸ್ತಿ: ₹45,000
2. ಹಾಸಿಗೆ, ಹೊದಿಕೆ, ಟವೆಲ್, ಪಾತ್ರೆಗಳ ಬದಲಾವಣೆ: ₹30,000
3. ಬ್ಯಾಂಕ್ ಸಾಲದ ಬಡ್ಡಿ: ₹60,000
4. ಕಟ್ಟಡ ತೆರಿಗೆ, ನೋಂದಣಿ, ಇಂಟರ್‌ನೆಟ್, ಕಸ ವಿಲೇವಾರಿ ಶುಲ್ಕ: ₹27,000
5. ಸಹಾಯಕರೊಬ್ಬರ ಸಂಬಳ, ತಿಂಗಳಿಗೆ ₹10,000ದಂತೆ: ₹1,20,000
6. ಮನೆಯವರ ದುಡಿಮೆ, 400 ಮಾನವ ದಿನ, ದಿನಕ್ಕೆ ₹375ರಂತೆ: ₹1,50,000

ಒಟ್ಟು ₹4,32,000.

ಆರನೆಯ ಬಾಬನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಗೆ ಉರಿ ಹಾಕುವುದು, ಅಕ್ಕಿ ರೊಟ್ಟಿ ತಟ್ಟುವುದು, ಕೊಠಡಿ ಗುಡಿಸಿ ಒರೆಸುವುದು, ರಾತ್ರಿ ತಡವಾಗಿ ಬಂದವರಿಗೆ ಊಟ ಬಡಿಸುವುದು ಇವೆಲ್ಲವೂ ದುಡಿಮೆಯೇ. ರಸ್ತೆ ಬದಿಯ ಚರಂಡಿ ತೆಗೆಯುವ ಕೆಲಸಕ್ಕೆ ಉದ್ಯೋಗ ಖಾತರಿಯಲ್ಲಿ ಮಾನವ ದಿನದ ಲೆಕ್ಕವಿರುವಾಗ, ಮನೆಯೊಳಗಿನ ಈ ಕೆಲಸಕ್ಕೆ ಅದೇ ಆಸುಪಾಸಿನ ಕೂಲಿಯನ್ನಾದರೂ ಕಟ್ಟದಿರುವುದು ನ್ಯಾಯವಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು ನಡೆಯುತ್ತದೆ. ಅತಿಥಿಗಳು ಹೆಚ್ಚಾಗಿ ಬರುವ ವರ್ಷಾಂತ್ಯವೂ ಆಗಲೇ. ಒಂದೇ ಕೈಗಳು ಎರಡು ಕಡೆ ಬೇಕಾಗುವ ಆ ದಿನಗಳಲ್ಲಿ ಮನೆಯವರ ದುಡಿಮೆಗೆ ಬೆಲೆ ಇನ್ನೂ ಹೆಚ್ಚು.

ಎರಡನೆಯ ಹಂತ: ಎಷ್ಟು ರಾತ್ರಿಗಳಿಂದ ಭಾಗಿಸಬೇಕು?

ಮೂರು ಕೊಠಡಿಗಳಿಗೆ ವರ್ಷದಲ್ಲಿ 1,095 ರಾತ್ರಿಗಳು ಇರುತ್ತವೆ. ಕಾಯಂ ವೆಚ್ಚವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ರಾತ್ರಿಗೆ ಸುಮಾರು ₹395 ಮಾತ್ರ ಬರುತ್ತದೆ. ಈ ಲೆಕ್ಕ ತಪ್ಪು. ಎಲ್ಲ ಕೊಠಡಿಗಳೂ ಎಲ್ಲ ದಿನವೂ ತುಂಬುವುದಿಲ್ಲ. ಕಳೆದ ವರ್ಷದ ಅತಿಥಿ ದಾಖಲೆ ಪುಸ್ತಕವನ್ನು ತೆರೆದು, ನಿಜವಾಗಿ ತುಂಬಿದ ರಾತ್ರಿಗಳನ್ನು ಎಣಿಸಬೇಕು. ಸುಮಾರು ಮೂರರಲ್ಲಿ ಒಂದು ಪಾಲು, ಅಂದರೆ 360 ರಾತ್ರಿಗಳು ತುಂಬಿದ್ದವು ಎಂದುಕೊಂಡರೆ, ₹4,32,000ವನ್ನು 360ರಿಂದ ಭಾಗಿಸಿದಾಗ ರಾತ್ರಿಗೆ ₹1,200 ಆಗುತ್ತದೆ.

ಮೂರನೆಯ ಹಂತ: ಅತಿಥಿ ಬಂದಾಗ ಮಾತ್ರ ಆಗುವ ವೆಚ್ಚ

ಇಬ್ಬರ ಬೆಳಗಿನ ಉಪಾಹಾರ, ಬಿಸಿನೀರಿನ ಸೌದೆ ಅಥವಾ ವಿದ್ಯುತ್, ಬಟ್ಟೆ ಒಗೆತ, ಸಾಬೂನು ಇವುಗಳಿಗೆ ರಾತ್ರಿಗೆ ₹500 ಆಗುವುದೆಂದು ಭಾವಿಸೋಣ. ₹1,200ಕ್ಕೆ ಇದನ್ನು ಕೂಡಿಸಿದರೆ ₹1,700. ಇದು ಮನೆಯವರ ಕೈಗೆ ಸರಾಸರಿ ಸೇರಲೇಬೇಕಾದ ಮೊತ್ತ. ಇದಕ್ಕಿಂತ ಮೇಲೆ ಬಂದದ್ದು ಮಾತ್ರ ಲಾಭ.

ಮನೆಯವರ ದುಡಿಮೆಯನ್ನು ಬಿಟ್ಟು ಲೆಕ್ಕ ಹಾಕಿದ್ದರೆ ಈ ಮೊತ್ತ ₹1,283 ಎಂದು ತೋರುತ್ತಿತ್ತು. ಆಗ ₹1,300 ದರ ಹೇಳಿದ ಕುಟುಂಬ ತನಗೆ ಲಾಭವಾಯಿತೆಂದು ತಿಳಿಯುತ್ತದೆ. ವಾಸ್ತವದಲ್ಲಿ ಪ್ರತಿ ರಾತ್ರಿ ₹400 ಮೌಲ್ಯದ ದುಡಿಮೆಯನ್ನು ಅದು ಉಚಿತವಾಗಿ ಕೊಟ್ಟಿರುತ್ತದೆ.

ನಾಲ್ಕನೆಯ ಹಂತ: ಕಮಿಷನ್ ಮತ್ತು ತೆರಿಗೆ

ಆನ್‌ಲೈನ್ ಬುಕಿಂಗ್ ಜಾಲತಾಣಗಳು ದರದ ಮೇಲೆ ಕಮಿಷನ್ ಹಿಡಿಯುತ್ತವೆ. ಅದು ಶೇಕಡ 15 ಎಂದು ಭಾವಿಸಿದರೆ, ₹1,700ಕ್ಕೆ ಶೇಕಡ 15 ಸೇರಿಸಿ ₹1,955 ಎಂದು ಹಾಕುವುದು ಸಾಮಾನ್ಯ ತಪ್ಪು. ಕಮಿಷನ್ ₹1,955ರ ಮೇಲೆ ಬೀಳುವುದರಿಂದ ಕೈಗೆ ಸುಮಾರು ₹1,662 ಮಾತ್ರ ಸೇರುತ್ತದೆ. ಸರಿಯಾದ ಕ್ರಮವೆಂದರೆ ₹1,700ನ್ನು 85ರಿಂದ ಭಾಗಿಸಿ 100ರಿಂದ ಗುಣಿಸುವುದು. ಆಗ ದರ ₹2,000 ಆಗುತ್ತದೆ.

ತೆರಿಗೆಯ ವಿಷಯದಲ್ಲಿಯೂ ಹಳೆಯ ತಿಳಿವಳಿಕೆ ಸಾಲದು. ದಿನಕ್ಕೆ ₹1,000ದವರೆಗಿನ ಕೊಠಡಿಗೆ ಜಿಎಸ್‌ಟಿಯಿಂದ ಇದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೊಠಡಿಗೆ ಶೇಕಡ 5ರ ದರ ಜಾರಿಗೆ ಬಂದಿದೆ. ಸೇವೆಗಳ ವಾರ್ಷಿಕ ವಹಿವಾಟು ₹20 ಲಕ್ಷ ಮೀರದ ಸಣ್ಣ ಹೋಂಸ್ಟೇಗಳು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಅಂಥ ಮನೆಯ ಕೊಠಡಿ ಜಾಲತಾಣದ ಮೂಲಕ ಬುಕ್ ಆದಾಗ ತೆರಿಗೆಯನ್ನು ಜಾಲತಾಣವೇ ಪಡೆದು ಸರ್ಕಾರಕ್ಕೆ ಕಟ್ಟಬೇಕು. ಹೀಗೆ ₹2,000ದ ಕೊಠಡಿಗೆ ಅತಿಥಿ ತೆರುವುದು ₹2,100. ಅತಿಥಿ ಕೊಟ್ಟ ಹಣಕ್ಕೂ ಮನೆಗೆ ಬಂದ ಹಣಕ್ಕೂ ಇರುವ ಈ ಅಂತರ ಅರ್ಥವಾಗಿದ್ದರೆ ಅನಗತ್ಯ ವಾಗ್ವಾದಗಳು ತಪ್ಪುತ್ತವೆ.

ಐದನೆಯ ಹಂತ: ಋತುವಿಗೆ ತಕ್ಕ ದರ

ವರ್ಷಪೂರ್ತಿ ಒಂದೇ ದರ ಇಡಬೇಕೆಂದಿಲ್ಲ. ಮಡಿಕೇರಿ ದಸರಾ, ತಲಕಾವೇರಿಯ ತುಲಾ ಸಂಕ್ರಮಣ, ವರ್ಷಾಂತ್ಯ, ವಾರಾಂತ್ಯಗಳಲ್ಲಿ ಬೇಡಿಕೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಡಿಮೆ. ಮೇಲಿನ ಮನೆಯ 360 ರಾತ್ರಿಗಳಿಂದ ಕೈಗೆ ಸೇರಬೇಕಾದದ್ದು ₹6,12,000. ಅದನ್ನು ಹೀಗೆ ಹಂಚಬಹುದು:

ಬೇಡಿಕೆಯ 100 ರಾತ್ರಿಗಳು, ₹2,400ರಂತೆ: ₹2,40,000
ಸಾಮಾನ್ಯ 160 ರಾತ್ರಿಗಳು, ₹1,700ರಂತೆ: ₹2,72,000
ಮಳೆಗಾಲದ 100 ರಾತ್ರಿಗಳು, ₹1,000ದಂತೆ: ₹1,00,000

ಮಳೆಗಾಲದಲ್ಲಿ ದರ ಇಳಿಸುವುದು ತಪ್ಪಲ್ಲ. ಇಳಿಸಿದ್ದನ್ನು ಬೇರೆ ಋತುವಿನಲ್ಲಿ ತುಂಬಿಕೊಳ್ಳದಿರುವುದು ತಪ್ಪು. ಎಷ್ಟೇ ಇಳಿಸಿದರೂ, ಅತಿಥಿ ಬಂದಾಗ ಆಗುವ ₹500 ಮತ್ತು ಕಮಿಷನ್ ಎರಡೂ ಹುಟ್ಟದ ದರಕ್ಕೆ ಕೊಠಡಿ ಕೊಡಬಾರದು. ಅಂಥ ದಿನ ಕೊಠಡಿ ಖಾಲಿ ಇರುವುದೇ ಮೇಲು.

ಅತಿಥಿಗೂ ನ್ಯಾಯ

ನ್ಯಾಯವೆಂಬುದು ಎರಡು ಕಡೆಯದು. ಕಾದಿರಿಸಿ ಮುಂಗಡ ಪಡೆದ ಮೇಲೆ ದರ ಏರಿಸಬಾರದು. ಹೆಚ್ಚುವರಿ ಹಾಸಿಗೆ, ರಾತ್ರಿಯೂಟ, ಜೀಪು, ಚಾಲಕರ ವಸತಿ ಇವುಗಳ ದರವನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು. ಬುಕಿಂಗ್ ರದ್ದಾದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದೂ ಅದರಲ್ಲಿರಬೇಕು. ಭಾಷೆ, ಊರು, ಜಾತಿ, ವಾಹನ ನೋಡಿ ದರ ಬದಲಿಸುವುದು ಸಲ್ಲದು.

ವಿಪತ್ತಿನ ಕಾಲಕ್ಕೆ ಬೇಡಿಕೆಯ ನಿಯಮ ಅನ್ವಯಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ಸಂಚಾರ ನಿಂತುಹೋಗಿತ್ತು. ರಸ್ತೆ ಕಡಿದು ಸಿಕ್ಕಿಬಿದ್ದ ಅತಿಥಿ ಬೇರೆಡೆಗೆ ಹೋಗಲಾರ. ಆತನಿಂದ ಹೆಚ್ಚು ಪಡೆಯುವುದು ವ್ಯಾಪಾರವಾಗದು, ಸುಲಿಗೆಯಾದೀತು. ಅಂಥ ದಿನಗಳಿಗೆ ಸಾಮಾನ್ಯ ದರವನ್ನು ಮೀರುವುದಿಲ್ಲವೆಂದು ಪ್ರತಿ ಮನೆಯೂ ಮೊದಲೇ ನಿರ್ಧರಿಸಿ ಫಲಕದಲ್ಲಿ ಬರೆಯಿಸುವುದು ಉತ್ತಮ.

ಗ್ರಾಮ ಪಂಚಾಯತ್‌ನ ಪಾತ್ರ

ದರ ಕುಸಿದಾಗ, ಪಂಚಾಯತ್ ಸಭೆ ಸೇರಿಸಿ ಎಲ್ಲರಿಗೂ ಒಂದೇ ದರ ನಿಗದಿ ಮಾಡಲಿ ಎಂಬ ಬೇಡಿಕೆ ಬರುವುದು ಸಹಜ. ಸದಸ್ಯರು ಇದಕ್ಕೆ ಒಪ್ಪಬಾರದು. ಖಾಸಗಿ ಮನೆಯ ಕೊಠಡಿಗೆ ದರ ಕಟ್ಟುವುದು ಪಂಚಾಯತ್‌ನ ಕೆಲಸವಲ್ಲ. ಅಲ್ಲದೆ, ಪರಸ್ಪರ ಸ್ಪರ್ಧಿಗಳು ಒಪ್ಪಂದ ಮಾಡಿಕೊಂಡು ದರ ನಿಗದಿಪಡಿಸುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೆಯ ಪ್ರಕರಣ ತಡೆಯುತ್ತದೆ. ಪಂಚಾಯತ್ ಕಲಿಸಬೇಕಾದದ್ದು ಲೆಕ್ಕದ ಕ್ರಮವನ್ನು, ಅಂಕಿಯನ್ನಲ್ಲ. ಪ್ರತಿ ಕುಟುಂಬವೂ ತನ್ನ ವೆಚ್ಚವನ್ನು ತಾನೇ ಅರಿತರೆ, ನಷ್ಟದ ದರವನ್ನು ಯಾರೂ ತಿಳಿದೂ ತಿಳಿದೂ ಹೇಳಲಾರರು.

ಇದಕ್ಕಾಗಿ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಮಳೆಗಾಲ ಮುಗಿಯುವ ಮುನ್ನ ಮಹಿಳಾ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಈ ಐದು ಹಂತಗಳನ್ನು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸುವುದು. ದುಡಿಯುವವರೇ ಲೆಕ್ಕವನ್ನೂ ಹಾಕುವಂತಾಗಬೇಕು.
2. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗದ ಮನೆಗಳಿಗೆ ನೋಂದಣಿಯ ಅಗತ್ಯವನ್ನು ತಿಳಿಸುವುದು. ನಿಯಮ ಪಾಲಿಸದವನ ಕಡಿಮೆ ದರವೇ ಪಾಲಿಸುವವನಿಗೆ ಪೆಟ್ಟು.
3. ಅತಿಥಿಗಳಿಂದ ಹೆಚ್ಚುವ ಕಸ ಮತ್ತು ನೀರಿನ ಬಳಕೆಯ ವೆಚ್ಚವನ್ನು ಗ್ರಾಮಸಭೆಯಲ್ಲಿ ಚರ್ಚಿಸುವುದು. ಆ ಹೊರೆ ಹೋಂಸ್ಟೇ ಇಲ್ಲದ ನೆರೆಮನೆಯವರ ಮೇಲೆ ಬೀಳದಂತೆ ಕೊಠಡಿಯ ದರದಲ್ಲಿಯೇ ಸೇರಿರಬೇಕು.

ಅಭ್ಯಾಸ ಮತ್ತು ಚರ್ಚೆ

1. ಮೇಲಿನ ಉದಾಹರಣೆಯಲ್ಲಿ ತುಂಬಿದ ರಾತ್ರಿಗಳು 360ರ ಬದಲು 300 ಆದರೆ, ಕೈಗೆ ಸೇರಬೇಕಾದ ಸರಾಸರಿ ಮೊತ್ತ ಎಷ್ಟು? (ಉತ್ತರ: ₹1,940)
2. ಅದೇ ಮನೆ ಜಾಲತಾಣದಲ್ಲಿ ₹1,300 ದರ ಹಾಕಿ, ಶೇಕಡ 15 ಕಮಿಷನ್ ಕೊಟ್ಟು, 360 ರಾತ್ರಿ ನಡೆಸಿದರೆ, ಮನೆಯವರ ದುಡಿಮೆಗೆ ಒಂದು ರೂಪಾಯಿಯನ್ನೂ ಕಟ್ಟದೆ ವರ್ಷಕ್ಕೆ ಆಗುವ ಕೊರತೆ ಎಷ್ಟು? (ಉತ್ತರ: ₹64,200)
3. ತಮ್ಮ ವಾರ್ಡಿನ ಹೋಂಸ್ಟೇಗಳಲ್ಲಿ ಅತಿಥಿ ದಾಖಲೆ ಪುಸ್ತಕವನ್ನು ಯಾರು ಬರೆಯುತ್ತಾರೆ, ದರವನ್ನು ಯಾರು ಹೇಳುತ್ತಾರೆ, ಅಡುಗೆಮನೆಯ ಕೆಲಸವನ್ನು ಯಾರು ಮಾಡುತ್ತಾರೆ? ಈ ಮೂವರೂ ಒಂದೆಡೆ ಕುಳಿತು ಲೆಕ್ಕ ನೋಡಿದ್ದುಂಟೇ? ಸದಸ್ಯರು ವಿಚಾರಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸತಕ್ಕದ್ದು.