ನಂಜನಗೂಡಿನಲ್ಲಿ ಕೂತು ಕಡಲ ಕಾಳಗ ಬರೆಯುವುದು

ನಂಜನಗೂಡಿನವರಿಗೆ ಕಡಲು ದೂರ. ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾಟಿ ಘಟ್ಟ ಇಳಿದರೆ ಕಲ್ಲಿಕೋಟೆ. ನಮ್ಮದೇ ಮಂಗಳೂರು ಅದಕ್ಕಿಂತ ದೂರ. ಇಲ್ಲಿ ನೀರು ಅಂದರೆ ಕಪಿಲೆ, ನಾನು ಹುಟ್ಟಿದ ನರಸೀಪುರದ ಕಡೆ ಕಾವೇರಿ. ಹಾಗಿದ್ದೂ ನೌಕಾಪಡೆಯಿಂದ ಪೆನ್ಷನ್ ತಗೊಂಡು ಊರಿಗೆ ಬಂದ ಮೇಲೆ ನನಗೆ ಹತ್ತಿದ ಗೀಳು ಕಂಪ್ಯೂಟರಿನಲ್ಲಿ ಕಡಲ ಕಾಳಗದ ಸನ್ನಿವೇಶ ಬರೆಯುವುದು. ಸೇವೆಯಲ್ಲಿ ನಾನು ರಾಡಾರ್ ಪ್ಲಾಟರ್. ಆಪ್ಸ್ ರೂಮಿನ ಮಬ್ಬು ಬೆಳಕಿನಲ್ಲಿ ಪರದೆಯ ಮೇಲಿನ ಚುಕ್ಕಿಗಳನ್ನು ಗುರುತು ಹಾಕುತ್ತಾ, ಅವು ಏನಿರಬಹುದು ಅಂತ ಊಹೆ ಮಾಡುತ್ತಾ ವಾಚ್ ಕಳೆದವನು. ಅಲ್ಲಿ ಕಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೇನೆ. ನನ್ನ ಸನ್ನಿವೇಶಗಳಲ್ಲಿರುವ ಅಂಕಿಸಂಖ್ಯೆ, ಹಡಗು, ಕ್ಷಿಪಣಿ ಎಲ್ಲವೂ ಪುಸ್ತಕದಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂಥವು. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಕೇಳುವವರಿದ್ದಾರೆ.

ಈ ಆಟಗಳ ಹಿರಿಯ ‘ಹಾರ್ಪೂನ್’. ಅಮೆರಿಕದ ನೌಕಾಪಡೆಯಲ್ಲಿದ್ದ ಲ್ಯಾರಿ ಬಾಂಡ್ 1980ರಲ್ಲಿ ಅದನ್ನು ಕಾಗದ, ದಾಳಗಳ ಆಟವಾಗಿ ತಂದರು. 1989ರಲ್ಲಿ ಅದು ಕಂಪ್ಯೂಟರಿಗೆ ಬಂತು. ಟಾಮ್ ಕ್ಲಾನ್ಸಿ ಜೊತೆ ಸೇರಿ ಬಾಂಡ್ ಬರೆದ ಕಾದಂಬರಿಯ ಕಡಲ ಕಾಳಗಗಳನ್ನು ಇದೇ ಆಟದಲ್ಲಿ ಆಡಿ ನೋಡಿದ್ದರು. ಈಗ ನಾನು ಬಳಸುವುದು 2019ರಲ್ಲಿ ಬಂದ ‘ಕಮಾಂಡ್: ಮಾಡರ್ನ್ ಆಪರೇಷನ್ಸ್’. ಅದರಲ್ಲಿ ಜಗತ್ತಿನ ಹಡಗು, ವಿಮಾನ, ಜಲಾಂತರ್ಗಾಮಿಗಳ ದೊಡ್ಡ ಭಂಡಾರವೇ ಇದೆ. ನಕ್ಷೆಯ ಮೇಲೆ ಎಲ್ಲಿ ಬೇಕಾದರೂ ಇಡಬಹುದು, ಯಾರು ಯಾರಿಗೆ ವೈರಿ, ಯಾವಾಗ ಗುಂಡು ಹಾರಿಸಬಹುದು, ಎಷ್ಟು ಹೊತ್ತಿಗೆ ಏನಾಗಬೇಕು ಎಂದು ಬರೆದಿಡಬಹುದು. ಇಷ್ಟು ಸೌಕರ್ಯ ಸಿಕ್ಕಿದ ಕೂಡಲೇ ಹೊಸಬರೆಲ್ಲ ಮಾಡುವುದು ಒಂದೇ: ಎರಡೂ ಕಡೆ ಇರುವ ದೊಡ್ಡ ಹಡಗನ್ನೆಲ್ಲ ಎದುರುಬದುರು ತಂದು ನಿಲ್ಲಿಸುವುದು. ಕಾಲು ಗಂಟೆಯಲ್ಲಿ ಕ್ಷಿಪಣಿಗಳೆಲ್ಲ ಖಾಲಿ, ಹಡಗುಗಳೆಲ್ಲ ಕೆಳಗೆ. ಪಟಾಕಿ ಹೊಡೆದ ಖುಷಿ ಸಿಗಬಹುದು, ಕಡಲ ಯುದ್ಧ ಅರ್ಥವಾಗುವುದಿಲ್ಲ.

ಬರೆಯುತ್ತಾ ಬರೆಯುತ್ತಾ ನನಗೆ ಖಚಿತವಾದದ್ದು ಇಷ್ಟು. ಆಟಗಾರನಿಗೆ ಯಾವ ಶಸ್ತ್ರ ಕೊಟ್ಟಿರಿ ಅನ್ನುವುದು ಆಮೇಲಿನ ಮಾತು. ಅವನಿಗೆ ಏನು ಗೊತ್ತಿರಬಾರದು, ಗೊತ್ತಿರುವುದು ಎಷ್ಟು ಹಳೆಯ ಸುದ್ದಿಯಾಗಿರಬೇಕು ಎಂದು ತೀರ್ಮಾನಿಸುವುದೇ ಸನ್ನಿವೇಶ ಬರೆಯುವವನ ಅಸಲಿ ಕೆಲಸ.

ಖುಕ್ರಿಯ ಪ್ರಕರಣ ತಗೊಳ್ಳಿ. 1971ರ ಡಿಸೆಂಬರ್ 9ರ ರಾತ್ರಿ ದಿಯು ಎದುರಿನ ಕಡಲಿನಲ್ಲಿ ಐಎನ್‌ಎಸ್ ಖುಕ್ರಿ, ಐಎನ್‌ಎಸ್ ಕಿರ್ಪಾಣ್ ಎರಡು ಫ್ರಿಗೇಟುಗಳು ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ನ ಬೇಟೆಯಲ್ಲಿದ್ದವು. ಹಂಗೋರ್ ಅವುಗಳ ಸದ್ದನ್ನು ಮೊದಲೇ ಹಿಡಿದಿತ್ತು. ಕಿರ್ಪಾಣ್‌ಗೆ ಬಿಟ್ಟ ಮೊದಲ ಟಾರ್ಪಿಡೊ ಸಿಡಿಯಲಿಲ್ಲ, ಎರಡನೆಯದು ಖುಕ್ರಿಗೆ ಬಡಿಯಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೇ ಹೋದರು. ಆಮೇಲೆ ನಮ್ಮ ಹಡಗು, ವಿಮಾನಗಳು ದಿನಗಟ್ಟಲೆ ಹುಡುಕಿದರೂ ಹಂಗೋರ್ ಸಿಗದೆ ಕರಾಚಿ ಸೇರಿಕೊಂಡಿತು.

ಯಾಕೆ ಸಿಗಲಿಲ್ಲ ಅನ್ನುವುದನ್ನು, ನನ್ನ ಸನ್ನಿವೇಶ ಆಡಲು ಬರುವ ಹುಡುಗರಿಗೆ ನಾನು ಪೆನ್ಸಿಲು, ಕಂಪಾಸು ಕೊಟ್ಟು ತೋರಿಸುತ್ತೇನೆ. ಜಲಾಂತರ್ಗಾಮಿ ಕೊನೆಗೆ ಕಂಡ ಜಾಗಕ್ಕೆ ಮೊನೆ ಊರಿ. ಅದು ಸದ್ದು ಮಾಡದೆ ಗಂಟೆಗೆ 5 ನಾಟಿಕಲ್ ಮೈಲಿಯಂತೆ ತೆವಳಿದರೂ ಎರಡು ಗಂಟೆಯಲ್ಲಿ 10 ಮೈಲಿ ತ್ರಿಜ್ಯದ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು. ಹುಡುಕಬೇಕಾದ ಕಡಲು ಸುಮಾರು 314 ಚದರ ಮೈಲಿ. ನಿಮ್ಮ ಹೆಲಿಕಾಪ್ಟರ್ ಬರುವುದು ನಾಲ್ಕು ಗಂಟೆ ತಡವಾಯಿತೋ, ತ್ರಿಜ್ಯ 20 ಮೈಲಿ, ಹುಡುಕುವ ಜಾಗ 1,256 ಚದರ ಮೈಲಿ. ಸಮಯ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು. ಅದರ ಮೇಲೆ ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರದ ನೀರು ಕಾಯ್ದರೆ ಸೋನಾರಿನ ಸದ್ದು ನೇರ ಹೋಗದೆ ಕೆಳಕ್ಕೆ ಬಾಗುತ್ತದೆ. ಬೆಳಿಗ್ಗೆ ಕೇಳುತ್ತಿದ್ದ ದೂರ ಮಧ್ಯಾಹ್ನ ಕೇಳುವುದಿಲ್ಲ. ಸನ್ನಿವೇಶ ಶುರುವಾಗುವ ಗಳಿಗೆಯನ್ನು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರಕ್ಕೆ ಸರಿಸಿ ನೋಡಿ. ಒಂದು ಹಡಗನ್ನೂ ಬದಲಾಯಿಸದೆ ಆಟ ಬೇರೆಯೇ ಆಗುತ್ತದೆ.

ಸುದ್ದಿ ಹಳಸುವುದು ನಮ್ಮ ಊರಿನವರಿಗೆ ಹೊಸದೇನಲ್ಲ. ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ ಗೇಟು ಎತ್ತಿದ ಸುದ್ದಿ ಫೋನಿನಲ್ಲಿ ಕೂಡಲೇ ಬರುತ್ತದೆ, ನೀರು ಬರುವುದು ಗಂಟೆಗಳ ಮೇಲೆ. ಇಲ್ಲಿ ಹದಿನಾರು ಕಾಲಿನ ಮಂಟಪ ಮುಳುಗುವ ಹೊತ್ತಿಗೆ ಅಲ್ಲಿ ಬಿಡುವ ಪ್ರಮಾಣ ಬದಲಾಗಿರಬಹುದು. 2018, 2019ರಲ್ಲಿ ಮಲ್ಲನಮೂಲೆ ಹತ್ತಿರ ಹೆದ್ದಾರಿಯೇ ನೀರಿಗೆ ಸೇರಿ ಮೈಸೂರು–ನಂಜನಗೂಡು ಸಂಚಾರ ನಿಂತಾಗ, ಎಷ್ಟು ನೀರು ಬಿಟ್ಟರು ಅನ್ನುವುದರ ಜೊತೆಗೆ ಅದು ಎಷ್ಟು ಹೊತ್ತಿನ ಲೆಕ್ಕ ಅಂತಲೂ ಜನ ಕೇಳುತ್ತಿದ್ದರು. ನನ್ನ ಸನ್ನಿವೇಶದಲ್ಲಿ ಪ್ರತಿ ಗುಪ್ತ ಮಾಹಿತಿಯ ಮುಂದೆ ಅದು ಎಷ್ಟು ಗಂಟೆ ಹಳೆಯದು ಎಂದು ಬರೆದಿರುತ್ತೇನೆ. ಕೆಲವೊಮ್ಮೆ ಬೇಕಂತಲೇ ಬರೆದಿರುವುದಿಲ್ಲ.

ಇನ್ನು ಕಡಲಿನ ಜನಸಂಖ್ಯೆ. ಆಟಗಳಲ್ಲಿ ಕಡಲು ಖಾಲಿಯಾಗಿರುತ್ತದೆ; ಅರಬ್ಬೀ ಸಮುದ್ರ ಖಾಲಿ ಇರುವುದನ್ನು ನಾನಂತೂ ನೋಡಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟ್ ಬಂತೆಂದರೆ ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳೆಲ್ಲ ಕಡಲಿಗೆ ಇಳಿಯುತ್ತವೆ. ಜುಲೈನ ದೊಡ್ಡ ಅಲೆಗಳ ನಡುವೆ ರಾಡಾರಿನಲ್ಲಿ ಒಂಟಿ ಚುಕ್ಕಿ ಕಂಡರೆ ಅನುಮಾನ ಪಡಬೇಕು. ನವೆಂಬರ್ ರಾತ್ರಿ ಅದೇ ಜಾಗದಲ್ಲಿ ನೂರು ಚುಕ್ಕಿ ಕಂಡರೆ ಅದರಲ್ಲಿ ಯಾವುದರ ಮೇಲೆ ಅನುಮಾನ ಪಡುತ್ತೀರಿ? ಆದ್ದರಿಂದ ನಾನು ಮೊದಲು ತಿಂಗಳು ಗೊತ್ತು ಮಾಡುತ್ತೇನೆ, ಆಮೇಲೆ ಹಡಗು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ನಿಪಾತ್, ನಿರ್ಘಾತ್, ವೀರ್ ಪುಟ್ಟ ಕ್ಷಿಪಣಿ ದೋಣಿಗಳು. ಮಳೆಗಾಲದ ಕಡಲಿನಲ್ಲಿ ಆ ದಾಳಿಯನ್ನು ಇಟ್ಟು ನೋಡಿ, ದೋಣಿಗಳು ಏಗಬಲ್ಲವೇ ಅನ್ನುವುದೇ ಮೊದಲ ಪ್ರಶ್ನೆಯಾಗುತ್ತದೆ. ಆ ಯೋಜನೆಯ ಜಾಣತನ ಇದ್ದದ್ದೂ ಗಡಿಯಾರದಲ್ಲೇ: ಹಗಲೆಲ್ಲ ವೈರಿ ವಿಮಾನಗಳ ಕೈಗೆ ಸಿಗದಷ್ಟು ದೂರ ನಿಂತು, ಕತ್ತಲಾದ ಮೇಲೆ ಒಳನುಗ್ಗಿ, ಬೆಳಗಾಗುವುದರೊಳಗೆ ಹಿಂದಿರುಗುವುದು. ಅಂದು ಪಶ್ಚಿಮ ನೌಕಾದಳದ ಧ್ವಜಹಡಗಿನ ಹೆಸರು ಐಎನ್‌ಎಸ್ ಮೈಸೂರು, ಅದರ ಲಾಂಛನ ಗಂಡಭೇರುಂಡ. ನಮ್ಮ ಜಿಲ್ಲೆಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ!

ಗುರುತು ಹಿಡಿಯುವ ವಿಚಾರಕ್ಕೆ ಬಂದರೆ, ಆ ಯುದ್ಧದಲ್ಲೇ ಪಾಠವಿದೆ. ನಿರ್ಘಾತ್ ಬಿಟ್ಟ ಕ್ಷಿಪಣಿ ಬೆಂಕಿಯುಂಡೆಯಂತೆ ಬರುತ್ತಿದ್ದಾಗ ಪಾಕಿಸ್ತಾನದ ‘ಖೈಬರ್’ ಹಡಗಿನವರು ಅದನ್ನು ವಿಮಾನವೆಂದೇ ತಿಳಿದರು. ಎರಡು ದಿನ ಕಳೆದು, ಡಿಸೆಂಬರ್ 6ರಂದು, ಪಾಕಿಸ್ತಾನದ ವಿಮಾನಗಳು ತಮ್ಮದೇ ‘ಜುಲ್ಫಿಕಾರ್’ ಫ್ರಿಗೇಟನ್ನು ಭಾರತದ ಕ್ಷಿಪಣಿ ದೋಣಿ ಅಂದುಕೊಂಡು ಹೊಡೆದವು. ನಗಬೇಡಿ. 1988ರ ಜುಲೈ 3ರಂದು ಅಮೆರಿಕದ ಅತ್ಯಾಧುನಿಕ ‘ವಿನ್ಸೆನ್ಸ್’ ಹಡಗು ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ಹೊಡೆದುರುಳಿಸಿತು. ಸತ್ತವರು 290 ಜನ. ಪರದೆಯ ಮುಂದೆ ಕೂತವನಿಗೆ ಚುಕ್ಕಿ ಕಾಣುತ್ತದೆ, ಹಣೆಬರಹ ಕಾಣುವುದಿಲ್ಲ.

ಅವಸರ ಎಷ್ಟಿರುತ್ತದೆ ಅನ್ನುವುದಕ್ಕೂ ಲೆಕ್ಕವಿದೆ. ನೀರಿನಿಂದ 25 ಮೀಟರ್ ಎತ್ತರದಲ್ಲಿರುವ ರಾಡಾರಿಗೆ, 5 ಮೀಟರ್ ಎತ್ತರದಲ್ಲಿ ಅಲೆ ಸವರುತ್ತಾ ಬರುವ ಕ್ಷಿಪಣಿ ಭೂಮಿಯ ದುಂಡಗಿನ ಮರೆಯಿಂದ ಮೇಲೆದ್ದು ಕಾಣುವುದೇ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಸೆಕೆಂಡಿಗೆ 300 ಮೀಟರ್ ವೇಗದ್ದಾದರೆ ಕೈಯಲ್ಲಿರುವುದು ನೂರು ಸೆಕೆಂಡು. ಶಬ್ದದ ಸುಮಾರು ಮೂರು ಪಟ್ಟು ವೇಗದ ಬ್ರಹ್ಮೋಸಿನಂಥದ್ದಾದರೆ ಮೂವತ್ತು ಸೆಕೆಂಡಿನ ಆಚೀಚೆ. ಹಾಗಾದರೆ ರಾಡಾರ್ ಸದಾ ಹಚ್ಚಿಡಬಾರದೇ? ನಿಮ್ಮ ರಾಡಾರಿನ ಅಲೆ ಹೋಗಿ ಬಡಿದು ಹಿಂದಿರುಗಿದರೆ ಮಾತ್ರ ನಿಮಗೆ ಕಾಣುವುದು. ವೈರಿಗೆ ಆ ಅಲೆ ಒಂದು ಸಲ ತಲುಪಿದರೂ ಸಾಕು, ನೀವು ಅವನನ್ನು ಕಾಣುವ ಮೊದಲೇ ಅವನು ನಿಮ್ಮ ದಿಕ್ಕು ಹಿಡಿದಿರುತ್ತಾನೆ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ‘ಶೆಫೀಲ್ಡ್’ ಹಡಗು ಉಪಗ್ರಹದ ಮೂಲಕ ಮಾತಾಡುತ್ತಿತ್ತು. ಆ ಪ್ರಸಾರದ ಗದ್ದಲದಲ್ಲಿ, ದಾಳಿಗೆ ಬರುತ್ತಿದ್ದ ವಿಮಾನಗಳ ರಾಡಾರನ್ನು ಅದರ ಉಪಕರಣಕ್ಕೆ ಕೇಳಿಸಿಕೊಳ್ಳಲಾಗಲಿಲ್ಲ. ರಾಡಾರ್ ಹಚ್ಚಬೇಕೋ ಬೇಡವೋ ಎಂಬ ಸಂಕಟದಲ್ಲಿ ಆಟಗಾರನನ್ನು ಗಂಟೆಗಟ್ಟಲೆ ಕೂರಿಸಬೇಕು. ಕೂರಿಸಿದರೆ ಗೊಣಗುತ್ತಾರೆ, ಅದು ಬೇರೆ ಮಾತು. “ಸಾರ್, ಇಷ್ಟೊತ್ತಾಯ್ತು, ಇನ್ನೂ ಒಬ್ಬ ವೈರಿನೂ ಕಾಣ್ನಿಲ್ಲ. ಇದೇನ್ ಆಟ ಸಾರ್?” ಅಂತ ಪಾಲಿಟೆಕ್ನಿಕ್ ಹುಡುಗನೊಬ್ಬ ಕೇಳಿದ. “ಕಾಣ್ದೇ ಇರೋದೇ ಆಟ ಕಣಪ್ಪ, ಕೂತ್ಕೊ” ಅಂದೆ.

ನನಗೆ ಮೆಚ್ಚಿಗೆಯಾದ ಸನ್ನಿವೇಶಕ್ಕೆ ಬೀಜ ಸಿಕ್ಕಿದ್ದು ಮಂಗಳೂರಿಗೆ ಬರುತ್ತಿದ್ದ ಹಡಗಿನಿಂದ. 2023ರ ಡಿಸೆಂಬರ್ 23ರಂದು ‘ಕೆಮ್ ಪ್ಲೂಟೊ’ ಸೌದಿಯಿಂದ ಕಚ್ಚಾ ತೈಲ ತುಂಬಿಕೊಂಡು ನವಮಂಗಳೂರು ಬಂದರಿಗೆ ಬರುತ್ತಿದ್ದಾಗ ಗುಜರಾತಿನಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ ಡ್ರೋನ್ ಬಡಿಯಿತು. ಬೆಂಕಿ ಆರಿಸಿದರು, ಸಿಬ್ಬಂದಿಯಲ್ಲಿ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಕೋಸ್ಟ್‌ಗಾರ್ಡಿನ ‘ವಿಕ್ರಮ್’ ಅದನ್ನು ಮುಂಬಯಿಗೆ ಕರೆದೊಯ್ದಿತು. ಹಡಗಿನ ಬಾವುಟ ಲೈಬೀರಿಯಾದ್ದು, ಮಾಲೀಕರು ಜಪಾನಿನವರು, ನಡೆಸುವವರು ನೆದರ್ಲೆಂಡಿನವರು, ದುಡಿಯುವವರು ಬಹುತೇಕ ಭಾರತೀಯರು. ಡ್ರೋನ್ ಇರಾನಿನಿಂದ ಬಂತೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಈಗ ಹೇಳಿ, ಆಟದಲ್ಲಿ ಯಾರನ್ನು ವೈರಿ ಎಂದು ನಮೂದಿಸುತ್ತೀರಿ?

ನಾನು ಯಾರನ್ನೂ ನಮೂದಿಸಲಿಲ್ಲ. ಆಟಗಾರನಿಗೆ ಕೊಟ್ಟದ್ದು ಒಂದು ಡಿಸ್ಟ್ರಾಯರ್, ಒಂದು ಕೋಸ್ಟ್‌ಗಾರ್ಡ್ ಹಡಗು, ಗೋವಾದ ಐಎನ್‌ಎಸ್ ಹಂಸದಿಂದ ಹೊರಡುವ ಒಂದು ಪಿ-8ಐ ವಿಮಾನ. ಕಡಲ ತುಂಬ ಸರಕು ಹಡಗು, ಮೀನುಗಾರರ ದೋಣಿಗಳು. ಈ ಆಟದಲ್ಲಿ ಶಸ್ತ್ರ ಪ್ರಯೋಗಕ್ಕೆ ಮೂರು ಹಂತ: ಆತ್ಮರಕ್ಷಣೆಗೆ ಮಾತ್ರ, ವೈರಿಯೆಂದು ಖಾತ್ರಿಯಾದರೆ ಮಾತ್ರ, ನಮ್ಮವರಲ್ಲದ ಯಾರ ಮೇಲಾದರೂ. ನಾನು ಮೊದಲನೆಯದಕ್ಕೇ ಬೀಗ ಹಾಕಿದೆ. ವೈರಿಯನ್ನು ಮುಳುಗಿಸಿದ್ದಕ್ಕೆ ಅಂಕವಿಲ್ಲ. ಟ್ಯಾಂಕರುಗಳು ಬಂದರು ಮುಟ್ಟಿದರೆ ಅಂಕ, ಮೀನುಗಾರರ ದೋಣಿಗೆ ಪೆಟ್ಟಾದರೆ ಇಡೀ ಆಟ ಸೋಲು. ಅಂಕ ಎಲ್ಲಿಟ್ಟಿರುತ್ತೀರೋ ಆಟಗಾರ ಅಲ್ಲಿಗೇ ಹೋಗುತ್ತಾನೆ. ಮುಳುಗಿಸಿದ ಹಡಗಿನ ಟನ್ ಲೆಕ್ಕ ಇಟ್ಟವರು ಆಟಗಾರರ ತಾಳ್ಮೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಎದುರಾಳಿಯ ವಿಚಾರದಲ್ಲಿ ನನ್ನದು ಒಂದೇ ಹಟ: ಅವನಿಗೂ ಗೆಲ್ಲುವ ದಾರಿ ಇರಬೇಕು. 1942ರಲ್ಲಿ ಮಿಡ್‌ವೇ ದಾಳಿಗೆ ಮೊದಲು ಜಪಾನಿನ ನೌಕಾಪಡೆ ನಕ್ಷೆಯ ಮೇಲೆ ಯುದ್ಧ ಆಡಿ ನೋಡಿತು. ದಾಳದ ಪ್ರಕಾರ ಒಂಬತ್ತು ಬಾಂಬು ಬಿದ್ದು ‘ಅಕಾಗಿ’, ‘ಕಾಗಾ’ ಎರಡೂ ವಿಮಾನವಾಹಕಗಳು ಮುಳುಗಿದವು ಎಂದು ತೀರ್ಪುಗಾರರು ಹೇಳಿದರೆ, ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಅಕಾಗಿ ಉಳಿಯಿತು, ಮುಳುಗಿದ ಕಾಗಾ ಕೂಡ ಮುಂದಿನ ಸುತ್ತಿಗೆ ತೇಲಿ ಬಂತು. ಸುಮಾರು ಒಂದು ತಿಂಗಳಲ್ಲಿ ನಿಜವಾದ ಕಡಲಿನಲ್ಲಿ ಎರಡೂ ಮುಳುಗಿದವು. ನಮ್ಮ ಹಡಗಿಗೆ ಪೆಟ್ಟು ಬೀಳಬಾರದು ಅನ್ನುವ ದೇಶಭಕ್ತಿ ಸಿನಿಮಾಕ್ಕೆ ಆಗಬಹುದು. ಭಾರತದ ಹಡಗು ಮುಳುಗಿತೆಂದು ಬೇಸರ ಮಾಡಿಕೊಂಡು ಮಧ್ಯದಲ್ಲೇ ಆಟ ಮುಚ್ಚಿದವರಿದ್ದಾರೆ. ಅವರಿಗಾಗಿ ನಾನು ಬರೆಯುವುದಿಲ್ಲ.

ಬರೆದದ್ದನ್ನು ಮೊದಲು ಆಡಿ ನೋಡುವವರು ನರಸೀಪುರದ ನನ್ನ ಸ್ನೇಹಿತರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು. ಕಡಲು ನೋಡಿದ್ದು ರಾಮೇಶ್ವರದಲ್ಲಿ ಮಾತ್ರ. ಅವರಿಗೆ ಹಡಗಿನ ಹೆಸರುಗಳ ಮೇಲೆ ವ್ಯಾಮೋಹವಿಲ್ಲ, ಆದ್ದರಿಂದಲೇ ಬೇಕಾದವರು. ಆದೇಶಪತ್ರವನ್ನು ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ: ಪರಿಸ್ಥಿತಿ ಏನು, ಕೆಲಸ ಏನು, ಎಷ್ಟು ಎಣ್ಣೆ ಇದೆ, ಯಾರಿಗೆ ವರದಿ ಮಾಡಬೇಕು. ಒಂದು ಸಲ ಅವರು ಓದಿ ಕನ್ನಡಕ ತೆಗೆದಿಟ್ಟು, “ಅಲ್ಲ ಸ್ವಾಮಿ, ಹೋಗೋಕೆ ಎಣ್ಣೆ ಲೆಕ್ಕ ಕೊಟ್ಟಿದೀರಿ, ಬರೋಕೆ?” ಅಂದರು. ಬೇಕಂತಲೇ ಬಿಟ್ಟದ್ದು, ಅವರು ಹಿಡಿದರು. ವಿಕಿರಣ, ತರಂಗ ಎಲ್ಲ ಬಾಯಿಪಾಠವಾಗಿರುವ ಎಂಜಿನಿಯರಿಂಗ್ ಹುಡುಗರು ಅದನ್ನು ಹಿಡಿಯದೆ, ವೈರಿಯನ್ನು ಅಟ್ಟಿಸಿಕೊಂಡು ಹೋಗಿ ನಡುಗಡಲಿನಲ್ಲಿ ಎಣ್ಣೆ ಮುಗಿದು ನಿಂತರು.

ನೀವೂ ಬರೆಯುವ ಮನಸ್ಸು ಮಾಡಿದರೆ ಕಾರವಾರದ ಎದುರಿನ ಕಡಲನ್ನೇ ಆರಿಸಿಕೊಳ್ಳಿ. 2005ರಲ್ಲಿ ಶುರುವಾದ ಕದಂಬ ನೌಕಾನೆಲೆ ಅಲ್ಲೇ ಇದೆ, ಮೀನುಗಾರರೂ ಇದ್ದಾರೆ. ಒಂದು ಹಡಗು, ಒಂದು ಹೆಲಿಕಾಪ್ಟರ್, ಎಲ್ಲೋ ಒಂದು ಜಲಾಂತರ್ಗಾಮಿ, ಹತ್ತಿಪ್ಪತ್ತು ದೋಣಿ, ಆರು ಗಂಟೆಯ ಕಾಲ, ಅಷ್ಟು ಸಾಕು. ತಿಂಗಳು, ಗಂಟೆ ಮೊದಲು ಬರೆಯಿರಿ. ಬೇರೆಯವರಿಗೆ ಆಡಲು ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ವಿಮಾನವಾಹಕ ವಿಕ್ರಮಾದಿತ್ಯ, ಬ್ರಹ್ಮೋಸ್ ಎಲ್ಲ ಎರಡನೇ ಸನ್ನಿವೇಶಕ್ಕಿರಲಿ.